ಕಪ್ಪೆ ಸುಮ್ಮನಾದರೆ ನಷ್ಟ ಯಾರಿಗೆ?

ಮಳೆ ಬಾರದಿದ್ದರೆ ಕಪ್ಪೆಗೆ ಮದುವೆ ಮಾಡಿಸುವ ಜನ ನಾವು. ಅರಿಶಿನ ಹಚ್ಚಿ, ಓಲಗ ಊದಿಸಿ ಮೆರವಣಿಗೆ ಮಾಡುತ್ತೇವೆ. ಮಳೆ ಬಂದು ಗದ್ದೆ ತುಂಬಿತೋ, ಅದೇ ಕಪ್ಪೆಯ ಮನೆಗೆ ವಿಷ ಸುರಿಯುತ್ತೇವೆ. ಇದ್ಯಾವ ನ್ಯಾಯ ಸ್ವಾಮಿ?

'ಕಪ್ಪೆ ಸತ್ತರೆ ನಮಗೇನ್ರೀ?' ಎನ್ನುವವರಿಗೆ ಒಂದು ಮಾತು. ಕಪ್ಪೆ ನಮ್ಮ ಹಾಗೆ ಬಾಯಿಂದ ನೀರು ಕುಡಿಯೋದಿಲ್ಲ, ಚರ್ಮದಿಂದಲೇ ಹೀರುತ್ತದೆ. ಉಸಿರಾಟದ ಒಂದು ಪಾಲೂ ಚರ್ಮದ್ದೇ. ಅದರ ಮೊಟ್ಟೆಗೆ ಚಿಪ್ಪಿಲ್ಲ, ಬರೀ ಲೋಳೆ. ನೀರಿನಲ್ಲಿ ಏನು ಬೆರೆತಿದೆಯೋ ಅದು ನೇರ ಮೈಯೊಳಗೆ ಹೋಗುತ್ತದೆ. ನೀರು ಕೆಟ್ಟರೆ ಮೊದಲ ಏಟು ಕಪ್ಪೆಗೆ. ನಮ್ಮ ಸರದಿ ಆಮೇಲೆ.

ಮಲೆನಾಡಿನ ಗದ್ದೆಯಲ್ಲಿ ನೀರು ನಿಂತಾಗಲೇ ಕಪ್ಪೆ ಮೊಟ್ಟೆಯಿಡುತ್ತದೆ. ಗೊಬ್ಬರ, 'ಔಷಧಿ' ಬೀಳುವುದೂ ಅದೇ ಹೊತ್ತಿಗೆ. ಔಷಧಿ ಎನ್ನುವುದು ನಾವಿಟ್ಟ ಹೆಸರು, ಗೊದಮೊಟ್ಟೆಗೆ ಅದು ವಿಷವೇ. ಇದು ಕಟ್ಟೆ ಮೇಲಿನ ಹರಟೆಯಲ್ಲ. ನಮ್ಮದೇ ಶಿವಮೊಗ್ಗ ಜಿಲ್ಲೆಯ ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ಮೆಲಾಥಿಯಾನ್ ಬೆರೆಸಿದ ನೀರಿನಲ್ಲಿ ಗೊದಮೊಟ್ಟೆ ಬಿಟ್ಟು ನೋಡಿದರು. ಮೇವು ತಿನ್ನುವುದು ಕಮ್ಮಿಯಾಯಿತು, ಬೆಳವಣಿಗೆ ಕುಂಠಿತವಾಯಿತು, ಸಾವು ಹೆಚ್ಚಿತು. ಘಟ್ಟದ ಕೃಷಿ ಭೂಮಿಯಲ್ಲಿ ಅಂಗ ಊನವಾದ ಕಪ್ಪೆಗಳನ್ನೂ ಅವರು ಕಂಡಿದ್ದಾರೆ. ಎರಡೂ 2007ರಲ್ಲೇ ಅಚ್ಚಾಗಿವೆ. ಓದಿದ ಅಧಿಕಾರಿಗಳು ಎಷ್ಟು ಮಂದಿ?

ರೈತನೊಬ್ಬನ ಮೇಲೆ ಗೂಬೆ ಕೂರಿಸುವುದೂ ತಪ್ಪು. ಪೇಟೆಯ ಹೋಟೆಲಿನ ಮುಸುರೆ, ಗ್ಯಾರೇಜಿನ ಹಳೇ ಆಯಿಲ್, ಬಚ್ಚಲಿನ ಸೋಪಿನ ನೀರು ಎಲ್ಲಿಗೆ ಹೋಗುತ್ತದೆ? ಚರಂಡಿಗೆ, ಚರಂಡಿಯಿಂದ ಹೊಳೆಗೆ. ಆ ಹೊಳೆಯ ನೀರನ್ನೇ ಕೆಳಗಿನ ಊರಿನವರು ಕುಡಿಯಬೇಕು.

ವ್ಯಾಪಾರಿಗಳಿಗೆ ಲೆಕ್ಕದ ಮಾತೇ ಹೇಳೋಣ. ಒಂದು ಕಾಲದಲ್ಲಿ ನಮ್ಮ ದೇಶದಿಂದ ಕಪ್ಪೆ ಕಾಲು ಹೊರದೇಶಕ್ಕೆ ಹೋಗುತ್ತಿತ್ತು, ಡಾಲರು ಬರುತ್ತಿತ್ತು. 1987ರಲ್ಲಿ ಸರಕಾರ ಆ ರಫ್ತು ನಿಲ್ಲಿಸಿತು. ಗದ್ದೆಯ ಹುಳ ತಿನ್ನುವವನನ್ನೇ ಮಾರಿಕೊಂಡು, ಹುಳ ಕೊಲ್ಲಲು ಔಷಧಿ ಕೊಳ್ಳುವುದು ದಿವಾಳಿ ವ್ಯಾಪಾರ ಎಂದು ಆಗ ತಿಳಿದವರು ಎಚ್ಚರಿಸಿದ್ದರು. ಇಂದು ಮಾರದೆಯೇ ಕಳೆದುಕೊಳ್ಳುತ್ತಿದ್ದೇವೆ. 2023ರ ಜಾಗತಿಕ ವರದಿಯಂತೆ ಕಪ್ಪೆ ಮತ್ತು ಅದರ ಬಳಗದ ಜಾತಿಗಳಲ್ಲಿ 100ಕ್ಕೆ 41 ಅಪಾಯದಲ್ಲಿವೆ. ಕಾಡು ನಾಶ, ರೋಗ, ಏರುವ ಬಿಸಿಲು, ಇವುಗಳ ಜೊತೆಗೆ ಮಾಲಿನ್ಯವೂ ಕಾರಣ.

ಆಗಬೇಕಾದ್ದು ದೊಡ್ಡ ಕೆಲಸವೇನಲ್ಲ. ಔಷಧಿ ಅಂಗಡಿಯವರು ಡಬ್ಬಿ ಕೊಡುವಾಗ ಅಳತೆಯನ್ನೂ ಬಾಯಿಬಿಟ್ಟು ಹೇಳಲಿ. ಸ್ಪ್ರೇ ಪಂಪನ್ನು ಕಾಲುವೆಯಲ್ಲಿ ತೊಳೆಯುವುದು, ಖಾಲಿ ಡಬ್ಬಿಯನ್ನು ಕೆರೆಗೆ ಎಸೆಯುವುದು ನಿಲ್ಲಲಿ. ಕೃಷಿ ಇಲಾಖೆಯವರು ಕಚೇರಿ ಬಿಟ್ಟು ಗದ್ದೆ ಬದುವಿಗೆ ಬರಲಿ. ಚರಂಡಿ ನೀರು ಶುದ್ಧವಾಗದೆ ಹೊಳೆ ಸೇರದಂತೆ ನಗರಾಡಳಿತ ನೋಡಿಕೊಳ್ಳಲಿ.

ಮಳೆಗಾಲದ ರಾತ್ರಿ ವಟಗುಟ್ಟುವ ಸದ್ದಿಗೆ ನಿದ್ದೆ ಕೆಡುತ್ತದೆಂದು ಬೈಯುವವರಿದ್ದಾರೆ. ಆ ಸದ್ದು ನಿಂತ ದಿನವೇ ನಿಜವಾಗಿ ನಿದ್ದೆ ಕೆಡಬೇಕು. ಸಂಬಂಧಪಟ್ಟವರು ಅಷ್ಟರೊಳಗೆ ಎಚ್ಚರಗೊಳ್ಳುವರೇ?