ಬಿಟ್ಟಿ ಗೊಂಬೆಗೆ ಕನ್ನಡದ ಬಾಯಿ ಎಲ್ಲಿ?

ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣು ಹೋಗಿತ್ತಂತೆ. ನಂಜುಂಡೇಶ್ವರನಿಗೆ ಹರಕೆ ಹೊತ್ತ ಮೇಲೆ ಕಣ್ಣು ಬಂತಂತೆ. ಸುಲ್ತಾನ ಅವನನ್ನು 'ಹಕೀಂ ನಂಜುಂಡ' ಎಂದು ಕರೆದು ಪಚ್ಚೆಲಿಂಗ ಒಪ್ಪಿಸಿದನಂತೆ. ನಂಜನಗೂಡಿನಲ್ಲಿ ಈ ಕಥೆ ಕೇಳದೆ ಬೆಳೆದ ಮಗು ಇಲ್ಲ. ಇದನ್ನೇ ನನ್ನ ಅಕ್ಕನ ಮಗ ಕಂಪ್ಯೂಟರಿನಲ್ಲಿ ಗೊಂಬೆಯಾಟ ಮಾಡಲು ಹೊರಟ. ನಮ್ಮ ಪ್ರೆಸ್ಸಿನಲ್ಲೇ ಡಿಟಿಪಿ ಮಾಡುವ ಹುಡುಗ. ರಾತ್ರಿ ಕೆಲಸ ಮುಗಿದ ಮೇಲೆ ಅದೇ ಸಿಸ್ಟಮ್ಮಿನ ಮುಂದೆ ಕೂತು, ಬಿಟ್ಟಿ ಸಿಗುವ ಗೊಂಬೆಗಳನ್ನೆಲ್ಲ ಹುಡುಕಿ ಹುಡುಕಿ ಇಳಿಸಿಕೊಂಡು, ನಾಲ್ಕು ನಿಮಿಷದ ವಿಡಿಯೋ ಮಾಡಿ ಮನೆಮಂದಿಗೆಲ್ಲ ತೋರಿಸಿದ.

ಟಿಪ್ಪುವಿನ ಜಾಗದಲ್ಲಿ ದೀಪದಿಂದ ಎದ್ದು ಬರುವ ಜೀನಿಯಂಥ ಒಬ್ಬ. ಅರ್ಚಕರ ಜಾಗದಲ್ಲಿ ಚೀನಾ ದೇಶದ ಸನ್ಯಾಸಿ. ಆನೆ ಆಫ್ರಿಕಾದ್ದು, ಮೊರದಗಲ ಕಿವಿ. ಕಥೆ ಹೇಳುವ ಅಜ್ಜಿಗೆ ಗೌನು, ಏಪ್ರನ್ನು, ಕೈಯಲ್ಲಿ ಸ್ವೆಟರ್ ಹೆಣೆಯುವ ಕಡ್ಡಿ!

ನಮ್ಮವ್ವ ಕನ್ನಡಕ ಏರಿಸಿಕೊಂಡು ನೋಡಿ, "ಯಾವೂರ ಮುದುಕಿಯಪ್ಪಾ ಇವಳು?" ಎಂದಳು. ಆಮೇಲೆ ಇನ್ನೊಂದು ಮಾತು ಅಂದಳು. "ಮಾತು ನಮ್ಮದು ಕೇಳಿಸ್ತದೆ, ಬಾಯಿ ಇನ್ನೇನೋ ಆಡ್ತದೆ ಕಣ್ಲಾ."

ಹುಡುಗ ಮುಖ ಸಣ್ಣ ಮಾಡಿಕೊಂಡು ನನ್ನ ಹತ್ತಿರ ಬಂದ. "ಮಾವ, ಗೊಂಬೆ ಬಿಟ್ಟಿ ಸಿಕ್ತು, ಬಾಯಿ ಸಿಗಲಿಲ್ಲ."

ಗೆಳೆಯರೇ, ಈ ಲೇಖನ ಬರೆಯಲು ಅವನ ಆ ಮಾತೇ ಕಾರಣ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮೊದಲೆಲ್ಲ ಕಾರ್ಟೂನ್ ಎಂದರೆ ಸೆಕೆಂಡಿಗೆ 24ರವರೆಗೂ ಚಿತ್ರ ಬರೆಯಬೇಕಿತ್ತು. ಈಗ ಒಂದು ಗೊಂಬೆಯನ್ನು ಕೈ, ಕಾಲು, ಹುಬ್ಬು, ಕಣ್ಣು, ಬಾಯಿ ಎಂದು ಬೇರೆ ಬೇರೆ ಪದರದಲ್ಲಿ ಬರೆದು, ಕೀಲು ಎಲ್ಲೆಲ್ಲಿ ಎಂದು ತೋರಿಸಿ, ಒಳಗೆ ಸೂತ್ರ ಕಟ್ಟಿಟ್ಟರೆ ಸಾಕು. ಅಡೋಬಿ ಕಂಪನಿಯ ಕ್ಯಾರೆಕ್ಟರ್ ಆನಿಮೇಟರ್‌ನಂಥ ಸಾಫ್ಟ್‌ವೇರ್ ಕ್ಯಾಮೆರಾದಲ್ಲಿ ನಿಮ್ಮ ಮುಖ ನೋಡಿ ಗೊಂಬೆಯ ತಲೆ ಆಡಿಸುತ್ತದೆ, ಮೈಕಿನಲ್ಲಿ ನಿಮ್ಮ ದನಿ ಕೇಳಿ ಬಾಯಿ ಆಡಿಸುತ್ತದೆ. 2016ರ ಮೇ ತಿಂಗಳಲ್ಲಿ ಅಮೆರಿಕದ ಟೀವಿಯಲ್ಲಿ ಹೋಮರ್ ಸಿಂಪ್ಸನ್ ಎಂಬ ಕಾರ್ಟೂನು ನೇರಪ್ರಸಾರದಲ್ಲಿ ಜನರ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಇದರಿಂದಲೇ. ಕಷ್ಟವಿರುವುದು ಸೂತ್ರ ಕಟ್ಟುವುದರಲ್ಲಿ. ಹೊಸಬನಿಗೆ ಒಂದು ಗೊಂಬೆಗೆ ವಾರಗಟ್ಟಲೆ ಹಿಡಿಯುತ್ತದೆ. ಅದಕ್ಕೇ ಎಲ್ಲರೂ ಮೊದಲೇ ಸೂತ್ರ ಕಟ್ಟಿದ, ಪುಕ್ಕಟೆ ಗೊಂಬೆ ಹುಡುಕುತ್ತಾರೆ.

ಇದರಲ್ಲಿ ನಾಚಿಕೆ ಏನಿದೆ? ನಾನು ಪ್ರೆಸ್ಸಿನವನು, ನಮ್ಮ ಕಸುಬೇ ಇದು. ನಮ್ಮಪ್ಪನ ಕಾಲದಲ್ಲಿ ಟ್ರೆಡಲ್ ಮಷಿನ್ನಿನ ಪಕ್ಕ ಒಂದು ಮರದ ಪೆಟ್ಟಿಗೆ ಇತ್ತು. ಅದರ ತುಂಬ ಬ್ಲಾಕುಗಳು. ಗಣಪತಿ, ಪೂರ್ಣಕುಂಭ, ವಾಲಗದವರು, ಕೈ ಹಿಡಿದ ವಧೂವರರು. ಲಗ್ನಪತ್ರಿಕೆ ಬಂದರೆ ಮೊಳೆ ಜೋಡಿಸಿ, ಮೇಲೆ ಒಂದು ಗಣಪತಿ ಬ್ಲಾಕು ಇಟ್ಟರೆ ಆಯಿತು. ಪ್ರತಿ ಮದುವೆಗೂ ಹೊಸ ಗಣಪತಿ ಬರೆದವರು ಯಾರು? ಈಗಲೂ ಶಿವಕಾಶಿಯಿಂದ ಬರುವ ರೆಡಿಮೇಡ್ ಕಾರ್ಡಿನ ಮೇಲೇ ನಾವು ಹೆಸರು ಹಾಕಿ ಕೊಡುವುದು. ಸಿದ್ಧ ಅಚ್ಚು ಬಡವನ ಬಂಡವಾಳ. ಆದರೆ ನಮ್ಮಪ್ಪನ ಪೆಟ್ಟಿಗೆಯಲ್ಲಿ ಇದ್ದದ್ದು ನಮ್ಮ ಗಣಪತಿ, ನಮ್ಮ ವಾಲಗ. ನನ್ನ ಅಳಿಯನ ಪೆಟ್ಟಿಗೆಯಲ್ಲಿರುವುದು ಯಾರ ಅಜ್ಜಿ?

ಬಟ್ಟೆಬರೆಯ ಮಾತು ಆಮೇಲೆ. ಬಾಯಿಯ ವಿಚಾರಕ್ಕೆ ಬರೋಣ, ಇಲ್ಲೇ ಇರುವುದು ಕನ್ನಡದ ಪ್ರಶ್ನೆ.

ಆ ಸಾಫ್ಟ್‌ವೇರಿನ ಗೊಂಬೆಗೆ ಸುಮ್ಮನಿರುವ ಬಾಯಿ ಒಂದು, ಅದು ಬಿಟ್ಟು ಮಾತಾಡುವ ಬಾಯಿ 11. ಆ, ಡಿ, ಈ, ಎಫ್, ಎಲ್, ಎಂ, ಓ, ಆರ್, ಎಸ್, ಅ, ಡಬ್ಲ್ಯೂ-ಊ ಎಂದು ಹೆಸರು. ದನಿ ಕೇಳಿದಂತೆ ಒಂದೊಂದು ಬಾಯಿ ಬಂದು ಕೂರುತ್ತದೆ, ಥೇಟ್ ಮೊಳೆ ಜೋಡಿಸಿದ ಹಾಗೆ. ಬಿಟ್ಟಿ ಗೊಂಬೆಗಳಲ್ಲಿ ಈ 11ನ್ನೂ ಬರೆದೇ ಇಟ್ಟಿರುತ್ತಾರೆ. ಬರೆದವನ ಕಿವಿಯಲ್ಲಿ ಇದ್ದದ್ದು ಇಂಗ್ಲಿಷು. ಅವನ ತಪ್ಪಲ್ಲ.

ಕನ್ನಡಿ ಮುಂದೆ ನಿಂತು ನೀವೇ ನೋಡಿಕೊಳ್ಳಿ. ಇಂಗ್ಲಿಷಿನವನು ಆರ್ ಎನ್ನುವಾಗ ತುಟಿ ಮುಂದಕ್ಕೆ ಬಂದು ಗುಂಡಗಾಗುತ್ತದೆ. ನಾವು 'ರಾಮ' ಎನ್ನುವಾಗ ತುಟಿ ಗುಂಡಗಾಗುವುದಿಲ್ಲ, ಒಳಗೆ ನಾಲಿಗೆಯ ತುದಿ ಮಾತ್ರ ಬಡಿಯುತ್ತದೆ. ಆ ಗೊಂಬೆಯ ಬಾಯಲ್ಲಿ ನಮ್ಮ ರಾಮ 'ವ್ರಾಮ'ನ ಹಾಗೆ ಕಾಣುತ್ತಾನೆ! 'ಕರ್ನಾಟಕ' ಎಂದರೂ ಮುತ್ತು ಕೊಡುವವನ ಹಾಗೆ ತುಟಿ ಚೂಪಾಗುತ್ತದೆ. ನಮ್ಮ 'ವ' ಅವರ ಎಫ್ ಅಲ್ಲ, ಡಬ್ಲ್ಯೂನೂ ಅಲ್ಲ, ಎರಡರ ನಡುವೆ ಎಲ್ಲೋ ಇದೆ. ಅದಕ್ಕೆ ಬಾಯೇ ಇಲ್ಲ.

ಇನ್ನು ಒತ್ತಕ್ಷರ. 'ಅಪ್ಪ', 'ಅಮ್ಮ' ಎನ್ನುವಾಗ ತುಟಿ ಮುಚ್ಚಿ ಒಂದು ಗಳಿಗೆ ನಿಲ್ಲುತ್ತದೆ. ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ ಮೂರು ನಾಲ್ಕು ಚಿತ್ರವಾದರೂ ಮುಚ್ಚಿರಬೇಕು. ನಮ್ಮ ಹುಡುಗನ ವಿಡಿಯೋದಲ್ಲಿ ಒಂದೇ ಚಿತ್ರಕ್ಕೆ ತೆರೆದುಬಿಡುತ್ತಿತ್ತು. ಕೇಳಿಸುವುದು 'ಅಮ್ಮ', ಕಾಣುವುದು 'ಅಮ'. ಮತ್ತೆ, ನಮ್ಮ ಮಾತು ಮುಗಿಯುವುದು ಬಹುಪಾಲು ಸ್ವರದಲ್ಲಿ. ಬಸ್ ಬಂದರೆ ಅದನ್ನೂ ಬಸ್ಸು ಮಾಡಿಕೊಂಡ ಜನ ನಾವು. ಮಾತಿನ ಕೊನೆಗೆ ಕನ್ನಡದ ಬಾಯಿ ತೆರೆದಿರುತ್ತದೆ, ಗೊಂಬೆಯ ಬಾಯಿ ಅಷ್ಟರಲ್ಲಾಗಲೇ ಮುಚ್ಚಿರುತ್ತದೆ. ನಮ್ಮವ್ವ ಅಂದದ್ದು ಇದನ್ನೇ. ಅವಳು ಓದಿದವಳಲ್ಲ, ಆದರೆ ಎಪ್ಪತ್ತು ವರ್ಷದಿಂದ ಕನ್ನಡ ಆಡುವ ಬಾಯಿ ನೋಡುತ್ತಾ ಬಂದವಳು.

ಇದೆಲ್ಲ ಸಣ್ಣ ವಿಷಯ ಎನ್ನುತ್ತೀರಾ? ಇವತ್ತು ಮೂರು ವರ್ಷದ ಮಗು ಊಟ ಮಾಡುವುದೇ ಮೊಬೈಲಿನ ಗೊಂಬೆ ನೋಡುತ್ತಾ. ಮಗು ಮಾತು ಕಲಿಯುವುದು ಕಿವಿಯಿಂದ ಮಾತ್ರವಲ್ಲ, ಎದುರಿಗಿನ ಬಾಯಿ ನೋಡಿಯೂ ಕಲಿಯುತ್ತದೆ. ಆ ಎದುರಿನ ಬಾಯಿ ಯಾರದು?

ಈಗ ಬಟ್ಟೆ. ಬಿಟ್ಟಿ ಗೊಂಬೆಯನ್ನು ನಡೆಸಬೇಕಾದರೆ ಸೊಂಟ, ಮಂಡಿ, ಹರಡು, ಹಿಮ್ಮಡಿ, ಕಾಲ್ಬೆರಳು ಎಂದು ಎರಡೂ ಕಾಲಿಗೆ ಗುರುತು ಹಾಕಿರುತ್ತಾರೆ. ಪ್ಯಾಂಟು ತೊಟ್ಟವನಿಗೆ ಇದು ಸರಿ. ಅಳಿಯ ಅದೇ ಗೊಂಬೆಗೆ ಸೀರೆ ಉಡಿಸಿದ. ನಡೆಯತೊಡಗಿದಂತೆ ಸೀರೆ ನಡುವೆ ಸೀಳಿ ಎರಡಾಯಿತು! ಪಂಚೆಗೂ ಅದೇ ಗತಿ. ಸೆರಗಿನ ಒಳಗಿಂದ ಕೈ ಬರಬೇಕು, ನೆರಿಗೆ ಒಟ್ಟಿಗೆ ಆಡಬೇಕು, ನಮಸ್ಕಾರಕ್ಕೆ ಎರಡು ಕೈ ಕೂಡಬೇಕು. ಇವಕ್ಕೆಲ್ಲ ಹೊಸದಾಗಿಯೇ ಸೂತ್ರ ಕಟ್ಟಬೇಕು. ಬೇರೆಯವರ ಗೊಂಬೆಗೆ ಬಣ್ಣ ಬಳಿದರೆ ಆಗುವ ಕೆಲಸವಲ್ಲ.

ಹಾಗಾದರೆ ಯಾರು ಮಾಡಬೇಕು? ಸರ್ಕಾರ ಎಂದು ತಕ್ಷಣ ಹೇಳಿಬಿಡುತ್ತೇವೆ. ಆನಿಮೇಷನ್ನಿಗೆಂದೇ ದೇಶದಲ್ಲಿ ಮೊದಲು ನೀತಿ ಮಾಡಿದ್ದು ಕರ್ನಾಟಕ, 2012ರಲ್ಲಿ. 2024ರಲ್ಲಿ ಇನ್ನೊಂದು ನೀತಿ ಬಂತು. ಕಂಪನಿ, ಉದ್ಯೋಗ, ರಫ್ತು ಎಲ್ಲ ಸರಿ ಸ್ವಾಮಿ, ನಂಜನಗೂಡಿನ ಹುಡುಗನಿಗೆ ಸೀರೆ ಉಟ್ಟ ಒಂದು ಅಜ್ಜಿ ಗೊಂಬೆ ಬೇಕು, ಪುಕ್ಕಟೆ. ಅದನ್ನು ಯಾರು ಕೊಡುತ್ತೀರಿ?

ಆದರೆ ಸರ್ಕಾರವನ್ನು ಬೈದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ನಾಮಫಲಕಕ್ಕೆ ಕನ್ನಡ ಬೇಕೆಂದು ಬೀದಿಗಿಳಿಯುತ್ತೇವೆ, ಇಳಿಯಲೇಬೇಕು, ನಾನೂ ಇಳಿದವನು. ಅಷ್ಟು ಜನರಲ್ಲಿ ಕನ್ನಡದ ಹನ್ನೆರಡು ಬಾಯಿ ಬರೆದು ಎಲ್ಲರಿಗೂ ಕೊಟ್ಟವರನ್ನು ನಾನು ಇನ್ನೂ ಕಂಡಿಲ್ಲ. ಹಿಂದೆ ಹೀಗಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಎಂಬೊಬ್ಬರು 'ಬರಹ' ಮಾಡಿ ಪುಕ್ಕಟೆ ಹಂಚಿದರು. ಕೆ.ಪಿ. ರಾವ್ ಅವರ ಕೀಲಿಮಣೆಯನ್ನು ಹಿಡಿದು ಕನ್ನಡ ಗಣಕ ಪರಿಷತ್ತು 'ನುಡಿ' ಕೊಟ್ಟಿತು. ಅವೆರಡು ಇಲ್ಲದಿದ್ದರೆ ನಮ್ಮಂಥ ತಾಲ್ಲೂಕು ಪ್ರೆಸ್ಸುಗಳು ಮೊಳೆ ಮಾರಿ ಬಾಗಿಲು ಹಾಕಬೇಕಿತ್ತು. ಅಕ್ಷರಕ್ಕೆ ಆದದ್ದು ಗೊಂಬೆಗೆ ಯಾಕೆ ಆಗಬಾರದು?

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷದಲ್ಲಿ ನಾನು ಮಾಡಿದ ಚಿತ್ರ, ಅಂಚು, ರಥ, ಕಳಸಗಳ ಕೋರಲ್ ಫೈಲುಗಳು ಒಂದು ಹಾರ್ಡ್ ಡಿಸ್ಕಿನ ತುಂಬ ಇವೆ. ಪಕ್ಕದ ಬೀದಿಯ ಪ್ರೆಸ್ಸಿನವನು ಕೇಳಿದಾಗ ಕೊಟ್ಟಿಲ್ಲ. ವೈರಸ್ ಬಂದಿದೆ ಎಂದು ಸುಳ್ಳು ಹೇಳಿದ್ದೇನೆ. (ಆಮೇಲೆ ವೈರಸ್ ನಿಜವಾಗಿಯೇ ಬಂತು. 'ಸಾವಿರ ಗೊಂಬೆ ಉಚಿತ' ಎಂದು ಎಲ್ಲಿಂದಲೋ ಇಳಿಸಿದ ಜಿಪ್ ಫೈಲು ಮದುವೆ ಸೀಸನ್ನಿನಲ್ಲಿ ಎರಡು ದಿನ ಸಿಸ್ಟಮ್ಮನ್ನು ಮಲಗಿಸಿತು. ಸಾಫ್ಟ್‌ವೇರ್ ಮಾಡಿದವರೇ ಕೊಡುವ ಗೊಂಬೆ ಅಥವಾ ಬರೆದವನ ಹೆಸರಿರುವ ಗೊಂಬೆ ಮಾತ್ರ ಇಳಿಸಿಕೊಳ್ಳಿ.) ಇತ್ತ ಆಮ್‌ಸ್ಟರ್‌ಡ್ಯಾಮಿನ ಬ್ಲೆಂಡರ್‌ನವರು 2008ರಲ್ಲಿ 'ಬಿಗ್ ಬಕ್ ಬನ್ನಿ' ಎಂಬ ಮೊಲದ ಚಿತ್ರ ಮಾಡಿ, ಚಿತ್ರದ ಜೊತೆಗೆ ಸೂತ್ರ ಕಟ್ಟಿದ ಗೊಂಬೆಗಳನ್ನೂ ಲೋಕಕ್ಕೇ ಬಿಟ್ಟುಕೊಟ್ಟರು. ಕೇಳಿದ್ದು ಇಷ್ಟೇ, ನಮ್ಮ ಹೆಸರು ಹಾಕಿ. ಬಿಟ್ಟಿ ಗೊಂಬೆ ಬಳಸುವವರು ಈ ಷರತ್ತನ್ನು ಮೊದಲು ಓದಬೇಕು. ಕೆಲವಕ್ಕೆ ಹೆಸರು ಹಾಕಿದರೆ ಸಾಕು, ಕೆಲವನ್ನು ದುಡ್ಡಿನ ಕೆಲಸಕ್ಕೆ ಬಳಸುವಂತಿಲ್ಲ.

ನಮ್ಮ ಹತ್ತಿರ ಗೊಂಬೆ ಇಲ್ಲವೇ? ತೊಗಲು ಗೊಂಬೆಯ ನಾಡು ಇದು! ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವನವರಿಗೆ 2025ರಲ್ಲಿ ಪದ್ಮಶ್ರೀ ಬಂತು, ಚಪ್ಪಾಳೆ ಹೊಡೆದೆವು. ಮೈಸೂರಿನ ಜಯಲಕ್ಷ್ಮಿ ವಿಲಾಸದ ಜಾನಪದ ಸಂಗ್ರಹದಲ್ಲಿ, ರಾಮನಗರದ ಜಾನಪದ ಲೋಕದಲ್ಲಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಗೊಂಬೆಗಳಿವೆ. ರಾಜ ದೊಡ್ಡದು, ಸೇವಕ ಚಿಕ್ಕದು, ಹಾಸ್ಯಕ್ಕೆ ಕಿಳ್ಳೇಕ್ಯಾತ, ಬಂಗಾರಕ್ಕ. ಕೀಲು ಎಲ್ಲಿರಬೇಕು, ಯಾವ ಕೈ ಆಡಬೇಕು, ಯಾವುದು ಆಡಬಾರದು ಎಂದು ತಲೆತಲಾಂತರದಿಂದ ಗೊತ್ತಿದ್ದವರು ಅವರು. ಅವುಗಳ ಫೋಟೋ ತೆಗೆದು, ಆಡಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರಿಗೆ ಸಂಭಾವನೆ ಕೊಟ್ಟು, ಅವರ ಹೆಸರಿನಲ್ಲೇ ಪದರ ಬಿಡಿಸಿ ಸೂತ್ರ ಕಟ್ಟಬಹುದು. ಮೈಸೂರಿನ ಕಾವಾದಲ್ಲಿ ಓದುವ ಹುಡುಗ ಹುಡುಗಿಯರಿಗೆ ಒಂದು ಬೇಸಿಗೆ ರಜೆಯ ಕೆಲಸ.

ಇದರಿಂದ ನನ್ನ ಅಳಿಯನಿಗೆ ಇನ್ನೊಂದು ದಾರಿಯೂ ಹೊಳೆಯಿತು. ತೊಗಲು ಗೊಂಬೆಗಳಲ್ಲಿ ಬಹುಪಾಲಿಗೆ ಬಾಯಿ ಆಡುವುದೇ ಇಲ್ಲ. ಮಾತಾಡುವ ಗೊಂಬೆ ಕುಣಿಯುತ್ತದೆ, ಕೈ ಬೀಸುತ್ತದೆ. ಕೇಳುವ ಗೊಂಬೆ ಸುಮ್ಮನೆ ನಿಲ್ಲುತ್ತದೆ. ನೋಡುವವನಿಗೆ ಯಾರು ಮಾತಾಡಿದರೆಂದು ಎಂದೂ ಅನುಮಾನ ಬಂದಿಲ್ಲ. ಹನ್ನೊಂದು ಬಾಯಿಯ ತಂಟೆಯೇ ಇಲ್ಲ! ಟಿಪ್ಪುವನ್ನೂ ಆನೆಯನ್ನೂ ಅವನು ಈಗ ಹಾಗೆ ಪಕ್ಕದಿಂದ ಕಾಣುವಂತೆ ಬರೆದಿದ್ದಾನೆ. ಆನೆಯ ಕಿವಿ ನಮ್ಮ ಕಾಡಿನದಾಗಿದೆ.

ಅಜ್ಜಿಗೆ ಮಾತ್ರ ಬಾಯಿ ಬೇಕೇ ಬೇಕು ಎಂದು ಹಟ ಹಿಡಿದಿದ್ದಾನೆ. ಅದಕ್ಕೆ ರುಬಾರ್ಬ್ ಎಂಬ ಪುಕ್ಕಟೆ ಸಾಧನ ಹುಡುಕಿದ. ಅದು ದನಿ ಕೇಳಿ ಯಾವ ಗಳಿಗೆಗೆ ಯಾವ ಬಾಯಿ ಎಂದು ಪಟ್ಟಿ ಕೊಡುತ್ತದೆ. ಬಳಸುವವರು ಒಂದು ನೆನಪಿಡಿ. ಅದರಲ್ಲಿ ದನಿ ಗುರುತಿಸುವ ಬಗೆ ಎರಡಿವೆ. ತಾನಾಗಿ ಬರುವುದು ಇಂಗ್ಲಿಷಿಗೆ ಮಾತ್ರ. 'ಫೊನೆಟಿಕ್' ಎಂಬುದನ್ನು ಆರಿಸಿಕೊಂಡರೆ ಯಾವ ಭಾಷೆಯಾದರೂ ನಡೆಯುತ್ತದೆ. ಅದಕ್ಕೆ ಆರೇ ಬಾಯಿ ಸಾಕು, ಬೇಕಿದ್ದರೆ ಇನ್ನು ಮೂರು. ಫ್ಲಿಂಟ್‌ಸ್ಟೋನ್ಸ್ ಕಾರ್ಟೂನು ಮಾಡಿದ ಕಂಪನಿ ಬಳಸುತ್ತಿದ್ದದ್ದೂ ಆ ಆರನ್ನೇ. ಒತ್ತಕ್ಷರ ಬಂದ ಕಡೆ ಮಾತ್ರ ಅವನು ಕೈಯಿಂದ ತಿದ್ದುತ್ತಾನೆ. ನಾಲ್ಕು ನಿಮಿಷದ ಕಥೆಗೆ ಎರಡು ರಾತ್ರಿ ಹಿಡಿಯಿತು.

ಬಾಯಿಗೆ ಮಾದರಿ ನಮ್ಮವ್ವ. ಬಾಗಿಲ ಬಳಿ ಬೆಳಕಿಗೆ ಕೂರಿಸಿ, ರ, ವ, ಅಪ್ಪ, ಅಮ್ಮ, ಹಣ್ಣು, ಬಸ್ಸು ಎಂದು ಹೇಳಿಸಿ ಮೊಬೈಲಿನಲ್ಲಿ ಹಿಡಿದೆವು. ಎರಡು ಹಲ್ಲಿಲ್ಲ, ಅದನ್ನೂ ಬಿಡದೆ ಬರೆದಿದ್ದಾನೆ. ಒಂಬತ್ತು ಬಾಯಿ ಆಗಿವೆ. 'ವ' ಇನ್ನೂ ಸರಿ ಬಂದಿಲ್ಲ. ಮೂರು ಸಲ ಬರೆದು ಅಳಿಸಿದ. ಮುಗಿದ ಮೇಲೆ ಗೊಂಬೆಯನ್ನು ನನ್ನ ಹಾರ್ಡ್ ಡಿಸ್ಕಿನ ರಥ, ಕಳಸಗಳ ಜೊತೆ ಎಲ್ಲರಿಗೂ ಬಿಡುವುದೆಂದು ಮಾತಾಗಿದೆ. ಪಕ್ಕದ ಬೀದಿಯವನಿಗೂ ಹೇಳಿ ಕಳಿಸಿದ್ದೇನೆ.

ಸದ್ಯಕ್ಕೆ ಆ ಒಂಬತ್ತು ಬಾಯಿ ದೊಡ್ಡ ಹಾಳೆಯ ಮೇಲೆ ಅಚ್ಚಾಗಿ ಪ್ರೆಸ್ಸಿನ ಗೋಡೆಯ ಮೇಲೆ ಅಂಟಿವೆ. ನಿನ್ನೆ ಲಗ್ನಪತ್ರಿಕೆ ಕೊಡಲು ಬಂದವರೊಬ್ಬರು ಬಹಳ ಹೊತ್ತು ನೋಡಿ, "ಹಲ್ಲಿನ ಡಾಕ್ಟರ ಬೋರ್ಡಾ ಇದು?" ಎಂದು ಕೇಳಿದರು.