ಬಿ.ಪಿ. ಯಂತ್ರವನ್ನು ಎಷ್ಟು ನಂಬೋಣ?

ನಮ್ಮ ಕಾಸರಗೋಡು ಕಡೆಯ ಅಡಿಕೆ ತೋಟಗಳಿಗೆ ಪಂಪಿನ ಆಟೋ ಸ್ವಿಚ್ಚು ಬಂದ ಹೊಸತರಲ್ಲಿ ಅದನ್ನು ನಂಬಿದವರು ಕಡಿಮೆ. ರಾತ್ರಿ ಕರೆಂಟು ಹೋಗಿ ಬಂದಾಗ ಪಂಪು ತಾನಾಗಿ ಚಾಲೂ ಆದರೂ ನಾವು ಟಾರ್ಚು ಹಿಡಿದು ಕೆರೆಯ ತನಕ ಹೋಗಿ ನೋಡಿ ಬರುತ್ತಿದ್ದೆವು. ಒಂದು ಬೇಸಗೆ ಕಳೆದ ಮೇಲೆ ಟಾರ್ಚು ಮೂಲೆ ಸೇರಿತು. ಮರುವರ್ಷ ಫುಟ್‌ವಾಲ್ವಿಗೆ ಕಸ ಸಿಕ್ಕಿ ಪೈಪಿನ ನೀರು ಇಳಿದುಹೋಯಿತು. ಪಂಪು ಬೆಳಗಿನ ತನಕ ನೀರಿಲ್ಲದೆ ತಿರುಗಿ ಸೀಲು ಸುಟ್ಟಿತು. ಸ್ವಿಚ್ಚಿನದೇನೂ ತಪ್ಪಿರಲಿಲ್ಲ. ನೀರು ಇದೆಯೋ ಎಂದು ನೋಡುವುದು ಅದರ ಕೆಲಸವೇ ಆಗಿರಲಿಲ್ಲ.

ಈಗ ಅದೇ ಕತೆ ಮನೆಯೊಳಗೆ ನಡೆಯುತ್ತಿದೆ. ಗಲ್ಫಿನಿಂದ ಬರುವ ಮಕ್ಕಳು ಹೆತ್ತವರಿಗೆ ಬಿ.ಪಿ. ನೋಡುವ ಯಂತ್ರ ತಂದುಕೊಡುತ್ತಾರೆ. ಒಮ್ಮೆ 150, ಮತ್ತೊಮ್ಮೆ 138 ತೋರಿಸಿದರೆ 'ಇದು ಸುಳ್ಳು' ಎಂದು ಕೆಲವರು ಕಪಾಟಿನಲ್ಲಿಡುತ್ತಾರೆ. ಇನ್ನು ಕೆಲವರು ನಾಲ್ಕು ದಿನ 120 ಕಂಡ ಕೂಡಲೇ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುತ್ತಾರೆ. ಈ ಎರಡನೆಯವರ ಬಗ್ಗೆಯೇ ನಮಗೆ ಹೆಚ್ಚು ಭಯ. 120ಕ್ಕೆ ಇಳಿಸಿದ್ದೇ ಆ ಮಾತ್ರೆಯಲ್ಲವೇ?

ಯಂತ್ರವು ಶಬ್ದ ಕೇಳಿ ಅಳೆಯುವುದಲ್ಲ. ಪಟ್ಟಿಯ ಗಾಳಿಯಲ್ಲಿ ನಾಡಿಯ ಮಿಡಿತದಿಂದಾಗುವ ಕಂಪನವನ್ನು ಹಿಡಿದು ಲೆಕ್ಕ ಹಾಕುತ್ತದೆ. ಆದುದರಿಂದ ಕೈ ಅಲುಗಿದರೆ, ಮಾತನಾಡಿದರೆ ಲೆಕ್ಕ ತಪ್ಪುತ್ತದೆ. ಹೃದಯದ ಬಡಿತ ಏರುಪೇರಾಗಿರುವವರಲ್ಲಿಯೂ ತಪ್ಪಬಹುದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ತೋಟದಿಂದ ಬಂದವರು ಕೈಕಾಲು ತೊಳೆದು ನೇರ ಯಂತ್ರದ ಮುಂದೆ ಕೂರುವುದನ್ನೂ ನಾವು ಕಂಡಿದ್ದೇವೆ! ಕೆಲಸ, ಕಾಫಿ, ಬೀಡಿ ಇವೆಲ್ಲ ಮುಗಿದು ಅರ್ಧ ಗಂಟೆಯಾಗಿರಲಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕುಳಿತ ಬಳಿಕ, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಪುಸ್ತಕದಲ್ಲಿ ಬರೆದಿಡಿ. ಹಾಲಿನ ಲೆಕ್ಕ ಬರೆಯುವವರಿಗೆ ಇದೇನು ಕಷ್ಟವಲ್ಲ. ಒಂದು ತಿಂಗಳ ಪುಟ ನೋಡಿದರೆ ಯಂತ್ರದ ಸ್ವಭಾವವೂ ದೇಹದ ಸ್ವಭಾವವೂ ತಿಳಿಯತೊಡಗುತ್ತದೆ.

ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಕಂಡರೆ ಮಾತ್ರ ಸಂಖ್ಯೆಗಾಗಿ ಕಾಯಬೇಡಿ. ಯಂತ್ರ ಏನೇ ಹೇಳಲಿ, ಆಸ್ಪತ್ರೆಗೆ ಹೊರಡಿ.

ವರ್ಷಕ್ಕೊಮ್ಮೆಯಾದರೂ ಯಂತ್ರವನ್ನು ವೈದ್ಯರಲ್ಲಿಗೆ ಒಯ್ದು ಅವರ ಅಳತೆಯೊಂದಿಗೆ ತಾಳೆ ನೋಡಬೇಕು. ನಮ್ಮಲ್ಲಿ ದಾದಿಯರಿಗೆ ಕೊರತೆಯಿಲ್ಲ. ಒಂದು ಭಾನುವಾರ ಬಲಿಪೂಜೆಯ ಬಳಿಕ ಎಲ್ಲರೂ ತಮ್ಮ ತಮ್ಮ ಯಂತ್ರಗಳನ್ನು ಸಭಾಭವನಕ್ಕೆ ತಂದರೆ ಈ ಕೆಲಸದ ಆರಂಭ ಅಲ್ಲಿಯೇ ಆಗಬಹುದು. ಕಪಾಟಿನಲ್ಲಿಟ್ಟವರೂ ತನ್ನಿ, ಬ್ಯಾಟರಿ ಹಾಕಿಕೊಂಡು.