ಐತವಾರ ಒಂದು ಹೆಸರು, ಸೋಮವಾರ ಒಂದು ಹೆಸರು



ಪೋಸ್ಟ್ ಸ್ವಲ್ಪ ಉದ್ದ ಅದ. ಬೈಯ್ಯೋರು ಪೂರ್ತಿ ಓದಿ ಬೈಯ್ರಿ.

ಫೆಬ್ರವರಿ 18ಕ್ಕೆ ಬೂದಿ ಬುಧವಾರ ಆಯ್ತು. ಅಲ್ಲಿಂದ ಏಪ್ರಿಲ್ 5ರ ಈಸ್ಟರ್ ತನಕ ಕ್ರೈಸ್ತರಿಗೆ ಲೆಂಟ್ ಕಾಲ. ನಡುವಿನ ಐತವಾರ ಬಿಟ್ಟು ಎಣಿಸಿದ್ರ 40 ದಿನ. ಈ ಸಲ ರಂಜಾನ್ ಕೂಡ ಹೆಚ್ಚುಕಡಿಮಿ ಅದೇ ವಾರ ಶುರುವಾಗ್ಯದ. ಹಂಗಾಗಿ ಕಲಬುರಗಿಯ ಎಷ್ಟೋ ಓಣಿಯೊಳಗ ಒಂದು ಮನಿಯಾಗ ರೋಜಾ, ಮಗ್ಗಲ ಮನಿಯಾಗ ಲೆಂಟ್. ಬಿಸಿಲು ಮಾತ್ರ ಇಬ್ಬರಿಗೂ ಒಂದೇ.

ನಮ್ಮ ಕಡೆ ಸಭೆಯವರ ವಾರ ಹ್ಯಾಂಗಿರ್ತದ ಅಂತ ಹೊರಗಿನವರಿಗೆ ಗೊತ್ತಿಲ್ಲ. ಐತವಾರ ಮುಂಜಾನೆ ಆರಾಧನೆ. ವಾರದ ನಡುವೆ ಒಂದು ಸಂಜೆ ಯಾರದಾದರೂ ಮನಿಯಾಗ ಪ್ರಾರ್ಥನಾ ಕೂಟ, ಈ ವಾರ ಒಬ್ಬರ ಮನಿ, ಮುಂದಿನ ವಾರ ಇನ್ನೊಬ್ಬರದು. ಶುಕ್ರವಾರ ಉಪವಾಸ ಪ್ರಾರ್ಥನೆ. ಅಡುಗಿ ಮಾಡೋವಾಗ ಒಂದು ಹಿಡಿ ಅಕ್ಕಿ ತೆಗೆದಿಡೋ ಹೆಣ್ಣುಮಕ್ಕಳು ಇದ್ದಾರ. 40 ದಿನ ಮಾಂಸ ಬಿಟ್ಟವರು, ಚಹಾ ಬಿಟ್ಟವರು, ಗುಟ್ಕಾ ಬಿಡ್ತೀನಿ ಅಂತ ಹೇಳಿ ನಾಲ್ಕನೇ ದಿನಕ್ಕೆ ಸೋತವರೂ ಇದ್ದಾರ. ಈ ದಿನಗಳಲ್ಲಿ ಮದುವಿ ಇಟ್ಟುಕೊಳ್ಳಂಗಿಲ್ಲ. ಕಮಲಾಪುರದ ಕಡೆಯ ಅಕ್ಕ-ತಂಗಿಯರು ಕಲಬುರಗಿಯ ದೊಡ್ಡ ಕೂಟಗಳಿಗೆ ಬಸ್ಸಿನ್ಯಾಗ ಬರ್ತಾರ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮ್ಯಾಲ ಟಿಕೆಟ್ಟಿನ ಚಿಂತಿ ಇಲ್ಲ, ಆಧಾರ್ ಕಾರ್ಡ್ ಕೈಯಾಗಿದ್ರ ಸಾಕು.

ಆ ಆಧಾರ್ ಕಾರ್ಡಿನ ಮ್ಯಾಲಿನ ಹೆಸರಿನ ಬಗ್ಗೆನೇ ಇವತ್ತು ನಾನು ಮಾತಾಡಬೇಕಾಗ್ಯದ.

ಚರ್ಚಿನ್ಯಾಗ ಆಕಿ ಸಾರಮ್ಮ. ಕಂಡಕ್ಟರ್ ಕೈಯಾಗಿನ ಕಾರ್ಡಿನ್ಯಾಗ ಆಕಿ ಶರಣಮ್ಮ. ಐತವಾರ ಮಗ ಸ್ಯಾಮುವೆಲ್, ಸೋಮವಾರ ಹಾಸ್ಟೆಲ್ ಅರ್ಜಿಯೊಳಗ ಸಿದ್ದಪ್ಪ. ಇವು ನಾನು ಉದಾಹರಣೆಗೆ ಇಟ್ಟ ಹೆಸರುಗಳು. ಆದರ ಇಂಥ ಜೋಡಿ ಹೆಸರು ನಮ್ಮ ಕೇರಿಗಳಾಗ ಮನಿಗೊಂದು ಸಿಗ್ತಾವ. ಗುಮಾಸ್ತನಾಗಿ ದಿನಾ ಅರ್ಜಿ ನೋಡೋ ನನಗ ಗೊತ್ತದ, ‘ಧರ್ಮ’ ಅನ್ನೋ ಕಾಲಂ ಬಂದ ಕೂಡಲೇ ಪೆನ್ನು ಒಂದು ಗಳಿಗಿ ನಿಲ್ಲತದ. ಮಂದಿ ಅದನ್ನ ನೋಡಿ ‘ಕಳ್ಳರು, ಎರಡೂ ಕಡೆ ತಿಂತಾರ’ ಅಂತಾರ. ಪೆನ್ನು ಯಾಕ ನಿಲ್ಲತದ ಅಂತ ಯಾರೂ ಕೇಳಂಗಿಲ್ಲ.

ಕಾರಣ 1950ರ ಆಗಸ್ಟ್ 10ರಂದು ಹೊರಟ ರಾಷ್ಟ್ರಪತಿಗಳ ಆದೇಶದೊಳಗ ಅದ. ಅದರ 3ನೇ ಪ್ಯಾರಾ ಪ್ರಕಾರ ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮದಾಗ ಇರೋರು ಪರಿಶಿಷ್ಟ ಜಾತಿ ಅಲ್ಲ. 1956ರಲ್ಲಿ ಸಿಖ್ಖರನ್ನ ಸೇರಿಸಿದರು, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಕರ್ನಾಟಕದಾಗ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ-1ಕ್ಕೆ ಹೋಗ್ತಾರ. ಅಲ್ಲಿರೋದು ಒಟ್ಟು 4 ಪರ್ಸೆಂಟ್, ಅದರಾಗ ಆಗಲೇ ಎಷ್ಟೋ ಅಲೆಮಾರಿ ಸಮುದಾಯಗಳು ನಿಂತಾವ. ಮೀಸಲಾತಿ ಒಂದೇ ಹೋಗೋದಿಲ್ಲ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆನೂ ಹೋಗತದ. ಊರಾಗ ಯಾರಾದರೂ ಜಾತಿ ಹಿಡಿದು ಬೈದರ, ಬೈಯ್ಯೋನು ‘ನೀ ಯಾವ ಚರ್ಚಿಗೆ ಹೋಗ್ತಿ’ ಅಂತ ಕೇಳಿ ಬೈಯ್ಯಂಗಿಲ್ಲ. ಕಾನೂನು ಮಾತ್ರ ಕೇಳತದ.

ಒಂದೇ ಮನಿ ತಗೋರಿ. ಅಣ್ಣ ಐತವಾರ ಕಲಬುರಗಿಯ ಬುದ್ಧ ವಿಹಾರಕ್ಕೆ ಹೋಗ್ತಾನ. ತಂಗಿ ಚರ್ಚಿಗೆ ಹೋಗ್ತಾಳ. ಅಪ್ಪ ಒಬ್ಬನೇ, ಕೇರಿ ಒಂದೇ, ಊರಿನ ಚಹಾದಂಗಡಿಯವ ಇಬ್ಬರನ್ನೂ ನೋಡೋ ಕಣ್ಣು ಒಂದೇ. ಅಣ್ಣ ಪರಿಶಿಷ್ಟ ಜಾತಿ, ತಂಗಿ ಅಲ್ಲ. ಇದಕ್ಕ ನ್ಯಾಯ ಅಂತಾರೇನ್ರಿ?

‘ಕ್ರೈಸ್ತ ಧರ್ಮದಾಗ ಜಾತಿ ಇಲ್ಲಲ್ಲ, ಮತ್ಯಾಕ ಮೀಸಲಾತಿ?’ ಅನ್ನೋ ಪ್ರಶ್ನೆ ಹಳೇದು. ಮದ್ರಾಸಿನ ರಸ್ತೆ ಬದಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಅನ್ನೋ ದಲಿತ ಕ್ರೈಸ್ತ ಸುಪ್ರೀಂ ಕೋರ್ಟಿಗೆ ಹೋದ. ಚಮ್ಮಾರರಿಗೆ ಸರ್ಕಾರ ಕೊಟ್ಟ ಪುಗಸಟ್ಟೆ ಗೂಡಂಗಡಿ, ಅವ ಕ್ರೈಸ್ತ ಅನ್ನೋ ಕಾರಣಕ್ಕ ಅವನಿಗೆ ಸಿಕ್ಕಿರಲಿಲ್ಲ. ಮತಾಂತರದ ನಂತರವೂ ಅದೇ ತೀವ್ರತೆಯ ಜಾತಿ ಶೋಷಣೆ ಮುಂದುವರಿದದ ಅನ್ನೋದಕ್ಕೆ ಪುರಾವೆ ಸಾಲದು ಅಂತ 1985ರಲ್ಲಿ ಕೋರ್ಟ್ ಅರ್ಜಿ ವಜಾ ಮಾಡ್ತು. ಧರ್ಮ ಬದಲಾದ ಮ್ಯಾಲೂ ಅವನ ಕೈಯಾಗಿನ ದಬ್ಬಣ ಬದಲಾಗಿರಲಿಲ್ಲ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಪರಿಶಿಷ್ಟ ಜಾತಿ ಸ್ಥಾನಕ್ಕೂ ಧರ್ಮಕ್ಕೂ ಗಂಟು ಬೇಡ ಅಂತ ಶಿಫಾರಸು ಮಾಡ್ತು. ಜಾರಿ ಆಗಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗ ಮಾಡಿದರು, ಮತ್ತೆ ಅವಧಿ ವಿಸ್ತರಣೆ, ಮತ್ತೆ ವಿಸ್ತರಣೆ. ಈ ನಡುವೆ 2024ರ ನವೆಂಬರ್ 26ಕ್ಕೆ, ಸಂವಿಧಾನ ದಿನವೇ, ಪುದುಚೇರಿಯ ಒಬ್ಬ ಹೆಣ್ಣುಮಗಳ ಪ್ರಕರಣದಾಗ ಸುಪ್ರೀಂ ಕೋರ್ಟ್ ಹೇಳ್ತು: ಕ್ರೈಸ್ತಳಾಗಿ ನಡಕೊಂಡು, ಮೀಸಲಾತಿಗಾಗಿ ಹಿಂದೂ ಅನ್ನೋದು ಸಂವಿಧಾನಕ್ಕೆ ಮಾಡೋ ವಂಚನೆ ಅಂತ. ವಂಚನೆ ಅಂದ್ರ ತಗೋಣ. ಆದರ ಹೊಟ್ಟಿ ಬೇಕೋ ನಂಬಿಕಿ ಬೇಕೋ ಅಂತ ಬಡವರನ್ನ ಮೂಲಿಗೆ ಒತ್ತಿದ ಕಾನೂನಿಗೆ ಏನಂತ ಹೆಸರಿಡಬೇಕು?

ಈಗ ನಮ್ಮವರಿಗೇ ಒಂದು ಮಾತು. ಒಳಮೀಸಲಾತಿಗೆ ಮೂರು ದಶಕ ಬೀದಿಯಾಗ ಕುಂತವರು ನಾವು. 2025ರ ಆಗಸ್ಟ್‌ನಲ್ಲಿ ಸಚಿವ ಸಂಪುಟ ಒಪ್ಪಿದ ದಿನ ಕುಣಿದವರೂ ನಾವೇ. ಅದಕ್ಕ ‘ಇದ್ದ ರೊಟ್ಟಿನೇ ಸಣ್ಣದು, ಇನ್ನೊಬ್ಬರನ್ನ ಯಾಕ ಕರೀತಿ’ ಅಂತ ಗೆಳೆಯರು ನನ್ನ ಮ್ಯಾಲ ಸಿಟ್ಟಾಗ್ತಾರ. ಅವರ ಭಯ ಸುಳ್ಳಲ್ಲ. ನನ್ನ ಉತ್ತರ ಎರಡು. ಒಂದು, ಸೇರಿಸೋದಾದರ ಅವರ ಜನಸಂಖ್ಯೆಗೆ ತಕ್ಕಂತೆ ಪಾಲೂ ಹೆಚ್ಚಾಗಬೇಕು, ಆ ಬೇಡಿಕಿ ಜೊತಿಗೇ ಇಡೋಣ. ಎರಡು, ಬಾಬಾಸಾಹೇಬರು 1956ರ ಅಕ್ಟೋಬರ್ 14ಕ್ಕೆ ನಾಗಪುರದಾಗ ಬೌದ್ಧರಾದರು. ಅವರ ಹಿಂದೆ ಹೋದವರಿಗೆ ಕೇಂದ್ರದ ಪಟ್ಟಿಯೊಳಗ ಜಾಗ ಸಿಕ್ಕಿದ್ದು 1990ಕ್ಕೆ, 34 ವರ್ಷ ಆದ ಮ್ಯಾಲ. ಬಾಗಿಲ ಹೊರಗ ನಿಂತ ನೋವು ತಿಂದವರೇ ಒಳಗ ಬಂದು ಚಿಲಕ ಹಾಕಬಾರದು.

ಇನ್ನು ಸಭೆಯ ಹಿರಿಯರಿಗೆ. ಪ್ರೆಸ್ಬಿಟೇರಿಯನ್ ಸೇರಿ ಬ್ಯಾರೆ ಬ್ಯಾರೆ ಸಭೆಗಳು 1947ರಲ್ಲಿ ಒಂದಾಗಿ ದಕ್ಷಿಣ ಭಾರತ ಸಭೆ ಆಯ್ತು. ಅಮೆರಿಕದ ಮೆಥೊಡಿಸ್ಟರು ಅದರಾಗ ಸೇರಲಿಲ್ಲ, ಅದಕ್ಕೇ ನಿಜಾಮರ ಕಾಲದ ನಮ್ಮ ಈ ಭಾಗದಾಗ ಇವತ್ತಿಗೂ ಮೆಥೊಡಿಸ್ಟ್ ಹೆಸರೇ ದೊಡ್ಡದು. ಬೋರ್ಡು ಯಾವುದೇ ಇರಲಿ, ಕುಂತವರಲ್ಲಿ ಬಹಳ ಮಂದಿ ನಮ್ಮ ಕೇರಿಯವರೇ. ಲೆಂಟ್ ಅಂದ್ರ ಸತ್ಯದ ಎದುರು ನಿಲ್ಲೋ ಕಾಲ ಅಂತ ನೀವೇ ಹೇಳ್ತೀರಿ. ಹಂಗಾದರ ಈ ಎರಡು ಹೆಸರಿನ ಸಂಕಟದ ಬಗ್ಗೆ ಒಂದು ಶುಕ್ರವಾರನಾದರೂ ಯಾಕ ಮಾತಾಡಂಗಿಲ್ಲ? ಮನಿ ಕೂಟದಾಗ ಜ್ವರಕ್ಕ, ಪರೀಕ್ಷೆಗೆ, ಮಳಿಗೆ ಪ್ರಾರ್ಥನೆ ಮಾಡ್ತೀರಿ. ಜಾತಿ ಸರ್ಟಿಫಿಕೇಟಿನ ಭಯಕ್ಕ ಯಾಕ ಮಾಡಂಗಿಲ್ಲ? ಮದುವಿ ಸಂಬಂಧ ನೋಡೋವಾಗ ‘ಅವರು ಹೊಲೇರೋ ಮಾದಿಗರೋ’ ಅಂತ ಪಿಸುಗುಟ್ಟೋ ಬಾಯಿ, ವೇದಿಕೆ ಮ್ಯಾಲ ‘ನಮ್ಮಲ್ಲಿ ಜಾತಿ ಇಲ್ಲ’ ಅನ್ನಬಾರದು. ಜಾತಿ ಇಲ್ಲ ಅಂತ ನೀವು ಅಂದಷ್ಟೂ ಸರ್ಕಾರಕ್ಕ ಅನುಕೂಲ.

ಸಮಯ ಬಹಳ ಇಲ್ಲ. ಹಿಂದಿನ ವರ್ಷ ರಾಜ್ಯದ ಸಮೀಕ್ಷೆಯೊಳಗ ಜಾತಿ ಹೆಸರಿನ ಜೊತಿ ‘ಕ್ರಿಶ್ಚಿಯನ್’ ಅಂತ ಬಂದದ್ದಕ್ಕ ಎಷ್ಟು ಗದ್ದಲ ಆಯ್ತು, ಆಮೇಲೆ ಆ ಹೆಸರುಗಳನ್ನ ಆಪ್‌ನ ಪಟ್ಟಿಯಿಂದ ಹ್ಯಾಂಗ ಮರೆ ಮಾಡಿದರು ಅಂತ ನೋಡೀರಿ. ಈಗ 2027ರ ಜನಗಣತಿ ಬರಲಿಕ್ಕತ್ತದ, ಅದರಾಗ ಜಾತಿನೂ ಎಣಿಸ್ತಾರ. ಎಣಿಕೆದಾರರು ಬಾಗಿಲಿಗೆ ಬಂದಾಗ ಸಾರಮ್ಮ ಏನು ಹೇಳಬೇಕು ಅಂತ ಆಕಿಗೆ ಹೇಳೋರು ಯಾರು? ಕಮಲಾಪುರ ಇರಲಿ ಕಲಬುರಗಿ ಇರಲಿ, ಪ್ರತಿ ಸಭೆಯಾಗ ಈ ಲೆಂಟ್ ಮುಗಿಯೋದ್ರೊಳಗ ಒಂದು ಕೂಟ ಇದಕ್ಕೇ ಇಡ್ರಿ. ವಕೀಲರನ್ನ ಕರೀರಿ, ದಲಿತ ಸಂಘಟನೆಯವರನ್ನ ಕರೀರಿ, 3ನೇ ಪ್ಯಾರಾ ತೆಗೀರಿ ಅಂತ ಸಹಿ ಮಾಡಿ ಜಿಲ್ಲಾಧಿಕಾರಿಗಳ ಮೂಲಕ ದೆಹಲಿಗೆ ಕಳಿಸ್ರಿ. ಕರೆದರ ನಾವು ಬರ್ತೀವಿ, ಧರ್ಮ ಕೇಳಂಗಿಲ್ಲ.

ಈ ವರ್ಷ ಈಸ್ಟರ್ ಬರೋದು ಏಪ್ರಿಲ್ 5ಕ್ಕೆ. ಅವತ್ತೇ ಬಾಬು ಜಗಜೀವನ್ ರಾಮ್ ಜಯಂತಿ. ಮುಂದಿನ ವಾರ 14ಕ್ಕೆ ಬಾಬಾಸಾಹೇಬರ ಜಯಂತಿ. ಚರ್ಚಿನಿಂದ ಹೊರಬಂದ ನಮ್ಮ ಅಕ್ಕ-ತಂಗಿಯರು ಅದೇ ಬಿಳಿ ಸೀರೆಯಾಗ ಜಯಂತಿ ಮೆರವಣಿಗೆಗೂ ಬರ್ಲಿ. ಯಾವ ಹೆಸರಿನಿಂದ ಬಂದ್ರಿ ಅಂತ ಕೇಳೋ ಹಕ್ಕು ನಮಗಿಲ್ಲ.

ಸರಿ ಅನಿಸಿದರ ಶೇರ್ ಮಾಡ್ರಿ. ತಪ್ಪು ಅನಿಸಿದರ ಕಾಮೆಂಟಿನ್ಯಾಗ ಬರೀರಿ, ಮಾತಾಡೋಣ.

ಜೈ ಭೀಮ್. ಜೈ ಸಂವಿಧಾನ.